ಆಟಕ್ಕುಂಟು, ಲೆಕ್ಕಕ್ಕಿಲ್ಲ: ಐದರೊಳಗಿನ ಮಕ್ಕಳಿಗೆ ಎಂಥ ಪಾರ್ಟಿ ಆಟ?

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಎರಡು ವರ್ಷದ ಮಗುವಿನ ಹುಟ್ಟುಹಬ್ಬ ನಡೆದರೂ ಅದರ ಕಾರ್ಯಕ್ರಮಪಟ್ಟಿ ಹೆಚ್ಚುಕಡಿಮೆ ಒಂದೇ. ಬಾಗಿಲಲ್ಲಿ ಬಲೂನಿನ ಕಮಾನು, ವೇದಿಕೆಯ ಮೇಲೆ ಕಾರ್ಟೂನು ಪಾತ್ರದ ಬ್ಯಾನರು, ಮೈಕು ಹಿಡಿದ ನಿರೂಪಕ, ಒಂದು ಮ್ಯಾಜಿಕ್ ಶೋ, ಒಂದು ಮ್ಯೂಸಿಕಲ್ ಚೇರ್, ಕೈಗೆ ಟ್ಯಾಟೂ. ಅಪ್ಪ ಟ್ರಾಫಿಕ್ಕಿನಿಂದ ಬಿಡಿಸಿಕೊಂಡು ಬಂದು ಕೇಕು ಕತ್ತರಿಸುವಾಗ ಗಂಟೆ ಎಂಟೂವರೆ. ಅಷ್ಟರಲ್ಲಿ ಹುಟ್ಟುಹಬ್ಬದ ಮಗು ಯಾರದೋ ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ, ಇಲ್ಲವೇ ಪಟಾಕಿಯಂತೆ ಸಿಡಿದ ಬಲೂನಿಗೆ ಬೆಚ್ಚಿ ಅಳುತ್ತಿರುತ್ತದೆ. ಏಳೆಂಟು ವರ್ಷದ ಅಣ್ಣ-ಅಕ್ಕಂದಿರು ಬಹುಮಾನ ಗೆದ್ದು ಕುಣಿಯುತ್ತಾರೆ. ಯಾರಿಗಾಗಿ ಹಾಲ್ ಬಾಡಿಗೆಗೆ ಹಿಡಿದರೋ ಆ ವಯಸ್ಸಿನವರಿಗೆ ಅಲ್ಲಿ ಮಾಡಲು ಏನೂ ಇರುವುದಿಲ್ಲ.

ಇದಕ್ಕೆ ಕಾರಣ ದುಡ್ಡಿನ ಕೊರತೆಯೂ ಅಲ್ಲ, ಅಕ್ಕರೆಯ ಕೊರತೆಯೂ ಅಲ್ಲ. ಒಂದರಿಂದ ಐದು ವರ್ಷದ ಮಕ್ಕಳು ಆಟವೆಂದರೆ ಏನು ಎಂದುಕೊಂಡಿರುತ್ತಾರೆ ಎಂಬುದನ್ನು ನಾವು ಗಮನಕ್ಕೆ ತಂದುಕೊಳ್ಳುವುದಿಲ್ಲ. ಆ ಬಗ್ಗೆ ಸಂಶೋಧಕರು ಕಂಡುಕೊಂಡದ್ದೇನು, ನಮ್ಮ ಅಜ್ಜಿಯರ ಮಡಿಲಲ್ಲಿ, ಬೀದಿಯಲ್ಲಿ ಇದ್ದದ್ದೇನು, ಇವತ್ತಿನ ಹಾಲಿಗೆ ಹೊಂದುವುದು ಯಾವುದು, ಬಿಡಬೇಕಾದ್ದು ಯಾವುದು ಎಂದು ಒಟ್ಟಾರೆ ನೋಡುವ ಪ್ರಯತ್ನ ಇದು.

ಪಕ್ಕಪಕ್ಕದ ಆಟ

ಈ ವಿಷಯದಲ್ಲಿ 1932 ಒಂದು ಮುಖ್ಯ ವರ್ಷ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಕ್ಕಳನ್ನು ಗಮನಿಸಿದ್ದ ಮಿಲ್ಡ್ರೆಡ್ ಪಾರ್ಟನ್, ಮಕ್ಕಳು ಬೇರೆ ಮಕ್ಕಳ ಜೊತೆ ಬೆರೆಯುವ ಬಗೆಗಳನ್ನು ಆ ವರ್ಷ ಆರಾಗಿ ವಿಂಗಡಿಸಿ ಪ್ರಕಟಿಸಿದರು. ಸುಮ್ಮನೆ ಅಲೆದಾಡುವುದು, ಒಬ್ಬರೇ ಆಡುವುದು, ನಿಂತು ನೋಡುವುದು, ಪಕ್ಕಪಕ್ಕದಲ್ಲಿ ತಂತಮ್ಮ ಆಟ ಆಡುವುದು, ಸಾಮಾನು ಹಂಚಿಕೊಂಡು ಆಡುವುದು, ಒಂದೇ ಉದ್ದೇಶಕ್ಕೆ ಕೂಡಿ ಆಡುವುದು. ಚಿಕ್ಕ ಮಕ್ಕಳಲ್ಲಿ ಪಕ್ಕಪಕ್ಕದ ಆಟ ಹೆಚ್ಚು. ಕೂಡಿ ಆಡುವುದು ವಯಸ್ಸು ಏರಿದ ಹಾಗೆ ಬೆಳೆಯುತ್ತದೆ. ಇವು ಒಂದರ ಮೇಲೊಂದು ಹತ್ತುವ ಮೆಟ್ಟಿಲುಗಳಲ್ಲ, ದೊಡ್ಡ ಮಕ್ಕಳೂ ದಿನಕ್ಕೆ ಹಲವು ಬಾರಿ ಪಕ್ಕಪಕ್ಕದ ಆಟಕ್ಕೆ ಮರಳುತ್ತಾರೆ ಎಂದು ಮುಂದಿನವರು ತಿದ್ದಿದರು. ಆದರೂ ಎರಡು ವರ್ಷದ ಇಬ್ಬರು ಒಂದೇ ಚಾಪೆಯ ಮೇಲೆ ಬೆನ್ನುಬೆನ್ನಾಗಿ ಕುಳಿತು ಬೇರೆ ಬೇರೆ ಲೋಟಕ್ಕೆ ರಾಗಿ ತುಂಬುತ್ತಿದ್ದರೆ ಅವರು ‘ಬೆರೆಯುತ್ತಿಲ್ಲ’ ಎಂದು ಚಿಂತಿಸಬೇಕಿಲ್ಲ. ಆ ವಯಸ್ಸಿಗೆ ಬೆರೆಯುವುದೆಂದರೆ ಅದೇ.

ಅದೇ ವರ್ಷ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ನೈತಿಕ ತೀರ್ಮಾನಗಳ ಕುರಿತ ತಮ್ಮ ಪುಸ್ತಕ ಹೊರತಂದರು. ಅದರ ಆರಂಭವೇ ಗೋಲಿಯಾಟ. ಜಿನೀವಾ ಮತ್ತು ನೂಶಾಟೆಲ್‌ನ ಮಕ್ಕಳ ಜೊತೆ ಗೋಲಿ ಆಡುತ್ತಾ, ನಿಯಮ ಹೇಳಿಕೊಡು ಎಂದು ಕೇಳುತ್ತಾ ಅವರು ಕಂಡುಕೊಂಡದ್ದು ಇದು: ತೀರ ಚಿಕ್ಕವರಿಗೆ ಗೋಲಿ ಬರೀ ಕೈಗೆ ಸಿಕ್ಕ ವಸ್ತು. ಸ್ವಲ್ಪ ದೊಡ್ಡವರು ದೊಡ್ಡವರ ನಿಯಮವನ್ನು ಅನುಕರಿಸುತ್ತಾರೆ, ಆದರೆ ಪ್ರತಿಯೊಬ್ಬರೂ ತಮ್ಮ ಪಾಡಿಗೆ ಆಡುತ್ತಾರೆ. ಎಲ್ಲರೂ ಒಟ್ಟಿಗೇ ಗೆಲ್ಲಬಹುದು. ಇನ್ನೊಬ್ಬನನ್ನು ಸೋಲಿಸಬೇಕು, ಅದಕ್ಕೆ ಇಬ್ಬರೂ ಒಂದೇ ನಿಯಮಕ್ಕೆ ಬದ್ಧರಾಗಬೇಕು ಎಂಬ ಅರಿವು ಮೂಡುವುದು ಏಳೆಂಟು ವರ್ಷದ ಸುಮಾರಿಗೆ.

ನಮ್ಮ ಬೀದಿಯ ಮಕ್ಕಳು ಈ ಪುಸ್ತಕ ಓದದೆಯೇ ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದರು. ಜೂಟಾಟಕ್ಕೋ ಲಗೋರಿಗೋ ಅಕ್ಕನ ಸೆರಗು ಹಿಡಿದು ಬಂದ ಪುಟಾಣಿಯನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದರು. ಆ ಮಗು ಎಲ್ಲರ ಜೊತೆ ಓಡಬಹುದು, ಯಾರನ್ನು ಬೇಕಾದರೂ ಮುಟ್ಟಬಹುದು, ಕೂಗಬಹುದು; ಔಟ್ ಆಗುವುದು ಮಾತ್ರ ಇಲ್ಲ. ದೊಡ್ಡವರನ್ನು ಹಾಗೆಂದರೆ ಅದು ಚುಚ್ಚುಮಾತು. ಐದರೊಳಗಿನ ಮಗುವಿಗೆ ಅದಕ್ಕಿಂತ ಒಳ್ಳೆಯ ನಿಯಮವನ್ನು ಯಾರೂ ಕಂಡುಹಿಡಿದಿಲ್ಲ. ಈ ವಯಸ್ಸಿನ ಪಾರ್ಟಿಗೆ ಆಟ ಆರಿಸುವಾಗ ಹಾಕಬೇಕಾದ ಅಳತೆಗೋಲೂ ಅದೇ: ಆಟ ನಡೆಯುವಷ್ಟು ಹೊತ್ತೂ ಮಗು ಆಟದೊಳಗೆ ಇರುತ್ತದೆಯೇ?

ಒಂದು-ಎರಡು ವರ್ಷ: ಮಡಿಲೇ ಮೈದಾನ

ಹೊಸದಾಗಿ ನಡೆಯಲು ಕಲಿತ ಮಗುವಿಗೆ ಗುಂಪಿನ ಆಟ ಬೇಕಿಲ್ಲ. ಅದರ ಆಟದ ಸಾಮಾನು ದೊಡ್ಡವರೊಬ್ಬರ ಮುಖ ಮತ್ತು ಮೈ. ಕಿಂಡರ್‌ಗಾರ್ಟನ್ ಕಲ್ಪನೆಯ ಜನಕ ಫ್ರೆಡ್ರಿಕ್ ಫ್ರೋಬೆಲ್ ತಾಯಂದಿರು ಮಡಿಲಲ್ಲಿ ಆಡಿಸುವ ಹಾಡು, ಬೆರಳಾಟಗಳನ್ನು ಜರ್ಮನಿಯಲ್ಲಿ 1844ರಲ್ಲೇ ಪುಸ್ತಕ ಮಾಡಿದ್ದರು. ನಮ್ಮಲ್ಲಿ ಅಂಥ ಆಟಗಳು ಮನೆಮನೆಯಲ್ಲಿವೆ. ಅಂಗೈ ಮೇಲೆ ಅಡುಗೆ ಮಾಡಿ, ಒಂದೊಂದು ಬೆರಳಿಗೂ ಬಡಿಸಿ, ಕೊನೆಗೆ ಎರಡು ಬೆರಳಿನ ಇಲಿಯನ್ನು ಮೊಣಕೈ ದಾಟಿಸಿ ಕಂಕುಳಿಗೆ ಓಡಿಸುವ ಕಚಗುಳಿಯಾಟವನ್ನೇ ನೋಡಿ. ಇಲಿ ಹೊರಡುವ ಮೊದಲೇ ಮಗು ಭುಜ ಕುಗ್ಗಿಸಿ ನಗಲು ಶುರುಮಾಡುತ್ತದೆ. ಮುಂದೇನು ಎಂದು ಗೊತ್ತಿದ್ದೂ ಕಾಯುವುದರಲ್ಲೇ ಅದರ ಸುಖ. ಮೊಣಕೈ ಹತ್ತಿರ ಇಲಿಯನ್ನು ಒಂದು ಕ್ಷಣ ನಿಲ್ಲಿಸಬಲ್ಲ ಅಜ್ಜಿಯ ಮುಂದೆ ಬಾಡಿಗೆಯ ಯಾವ ಮನರಂಜಕನೂ ನಿಲ್ಲಲಾರ.

ಪಾರ್ಟಿಯಲ್ಲಿ ಇದನ್ನು ತರುವುದು ಸುಲಭ. ದೊಡ್ಡವರು ವೃತ್ತಾಕಾರವಾಗಿ ನೆಲದ ಮೇಲೆ ಕುಳಿತು, ಪ್ರತಿಯೊಬ್ಬರ ಮಡಿಲಲ್ಲೂ ಒಂದೊಂದು ಮಗು ಇದ್ದು, ಎಲ್ಲರೂ ಒಂದೇ ಲಯಕ್ಕೆ ಚಪ್ಪಾಳೆ ತಟ್ಟುವುದು, ಮಂಡಿಯ ಮೇಲೆ ಕೂರಿಸಿ ಆನೆಯಂತೆ ತೂಗುವುದು, ಬೆನ್ನಿಗೆ ಹಾಕಿಕೊಂಡು ಉಪ್ಪು ಮಾರುವವರಂತೆ ಕೂಗುತ್ತಾ ಹಾಲನ್ನು ಒಂದು ಸುತ್ತು ಬರುವುದು. ಮೈಸೂರು ಕಡೆ ಕೂಸುಮರಿ ಎಂದೂ ಬೇರೆಡೆ ಉಪ್ಪಿನಮೂಟೆ ಎಂದೂ ಕರೆಯುವ ಈ ಕೊನೆಯ ಆಟಕ್ಕೆ ಅಪ್ಪಂದಿರ ಬೆನ್ನು ಬೇಕು. ಫೋಟೊ ತೆಗೆಯುತ್ತಾ ನಿಂತವರಿಗೆ ಇದರಿಂದ ಕೆಲಸವೂ ಸಿಕ್ಕಂತಾಗುತ್ತದೆ.

ಇನ್ನೊಂದು ಮುಖ ಮುಚ್ಚಿ ತೆರೆಯುವ ಆಟ. ಕಣ್ಣಿಗೆ ಕಾಣದ್ದೂ ಇದ್ದೇ ಇರುತ್ತದೆ ಎಂಬ ತಿಳಿವಳಿಕೆ ಮೊದಲ ವರ್ಷದಲ್ಲಿ ಬೇರೂರುತ್ತಾ ಬರುವುದರಿಂದ ಸೆರಗಿನ ಮರೆಯಿಂದ ಅಮ್ಮನ ಮುಖ ಮೂಡುವುದು ಪ್ರತಿಸಲವೂ ಮಗುವಿನ ಊಹೆಗೆ ಸಿಕ್ಕ ಗೆಲುವು. ಇವಲ್ಲದೆ ದೊಡ್ಡ ರಟ್ಟಿನ ಪೆಟ್ಟಿಗೆಗಳು ಸಾಕು. ಎರಡೂ ಬದಿ ತೆರೆದರೆ ಸುರಂಗ, ಒಂದು ಬದಿ ಮುಚ್ಚಿದರೆ ಮನೆ. ಫ್ರಿಜ್ ಬಂದ ಪೆಟ್ಟಿಗೆಯೊಳಗೆ ನುಗ್ಗಿ ಆ ಕಡೆಯಿಂದ ತಲೆ ಹಾಕಲು ಒಂದೂವರೆ ವರ್ಷದ ಮಕ್ಕಳು ಸಾಲುಗಟ್ಟುತ್ತಾರೆ.

ಎರಡು-ಮೂರು ವರ್ಷ: ಮತ್ತೊಂದ್ಸಲ

ಎರಡು ತುಂಬಿದ ಮಗುವಿನ ಅಚ್ಚುಮೆಚ್ಚಿನ ಬೇಡಿಕೆ ‘ಮತ್ತೊಂದ್ಸಲ’. ದೊಡ್ಡವರು ಹೊಸ ಹೊಸ ಆಟ ಬೇಕೆಂದು ಪಟ್ಟಿ ಮಾಡಿಕೊಂಡು ಬರುತ್ತಾರೆ. ಮಗುವಿಗೆ ಒಂದೇ ಆಟ ಹತ್ತು ಸಲ ಬೇಕು. ಹೀಗಾಗಿ ಈ ಗುಂಪಿಗೆ ಮೂರ್ನಾಲ್ಕು ಚಟುವಟಿಕೆ ಸಾಕು. ಅವನ್ನು ಅವಸರವಿಲ್ಲದೆ ತಿರುಗಿ ತಿರುಗಿ ಆಡಿಸಬೇಕು.

ಎಲ್ಲಕ್ಕಿಂತ ಚೆನ್ನಾಗಿ ಫಲಿಸುವುದು ಸೀರೆಯಾಟ. ಪಾಶ್ಚಾತ್ಯ ಶಿಶುವಿಹಾರಗಳಲ್ಲಿ ಇದಕ್ಕೆ ಬಣ್ಣದ ಪ್ಯಾರಾಶೂಟ್ ಬಳಸುತ್ತಾರೆ. ನಮಗೆ ಹಳೆಯ ನೂಲಿನ ಸೀರೆ ಮಡಚಿಕೊಂಡರೆ ಆಯಿತು. ಸುತ್ತಲೂ ಒಬ್ಬ ದೊಡ್ಡವರು, ಒಂದು ಮಗು, ಮತ್ತೊಬ್ಬ ದೊಡ್ಡವರು ಎಂಬಂತೆ ಅಂಚು ಹಿಡಿಯಬೇಕು. ನಡುವೆ ಕಾಲುಚೀಲದ ಉಂಡೆಗಳು ನಾಲ್ಕಾರು. ಮೊದಲು ಮೆಲ್ಲಗೆ ಅಲುಗಿಸಿದರೆ ಉಂಡೆಗಳು ಉರುಳುತ್ತವೆ. ಜೋರು ಮಾಡಿದರೆ ನೆಗೆಯುತ್ತವೆ. ಒಂದು ಹೊರಗೆ ಹಾರಿದರೆ ಯಾರೋ ಓಡಿ ತರುತ್ತಾರೆ. ಅಂಚು ಬಿಟ್ಟು ಸೀರೆಯ ಕೆಳಗೆ ನುಸುಳುವ ಒಬ್ಬರಿಬ್ಬರು ಇದ್ದೇ ಇರುತ್ತಾರೆ, ನುಸುಳಲಿ. ಕೊನೆಗೆ ಎಲ್ಲರೂ ಸೀರೆಯನ್ನು ತಲೆಯ ಮೇಲಕ್ಕೆ ಎತ್ತಿದಾಗ ಮಕ್ಕಳೆಲ್ಲ ಅದರ ಅಡಿಗೆ ಓಡುತ್ತಾರೆ, ಬಟ್ಟೆ ನಿಧಾನಕ್ಕೆ ಅವರ ಮೇಲೆ ಇಳಿಯುತ್ತದೆ, ಒಳಗಿಂದ ಕಿರುಚಾಟ. ಈ ಆಟದಲ್ಲಿ ಸೋಲಲು ದಾರಿಯೇ ಇಲ್ಲ. ನಾಚುವ ಮಗು ಬರೀ ಅಂಚು ಹಿಡಿದು ನಿಂತರೂ ಅದು ಆಟದಲ್ಲಿದೆ.

ಸೋಪುಗುಳ್ಳೆಯೂ ಇದೇ ಜಾತಿಯದು. ಒಬ್ಬರು ಊದುತ್ತಾರೆ, ಎಲ್ಲರೂ ಒಡೆಯುತ್ತಾರೆ, ಯಾರ ಗುಳ್ಳೆ ಯಾರದೆಂಬ ಜಗಳವಿಲ್ಲ. ನುಣುಪಾದ ಟೈಲ್ಸ್ ನೆಲದ ಮೇಲೆ ಮಾತ್ರ ಬೇಡ, ಜಾರುತ್ತದೆ. ಅಂಗಳ ಅಥವಾ ಹುಲ್ಲಿನ ಮೇಲೆ ಆಡಿಸಬೇಕು.

ಕೈಗೆ ಕೆಲಸ ಕೊಡುವ ಚಾಪೆಯೊಂದು ಮೂಲೆಯಲ್ಲಿರಲಿ. ಅಗಲ ತಟ್ಟೆಯಲ್ಲಿ ರಾಗಿ, ಜೊತೆಗೆ ಸೌಟು, ಲೋಟ, ಜರಡಿ. ಇನ್ನೊಂದು ತಟ್ಟೆಯಲ್ಲಿ ಚಪಾತಿ ಹಿಟ್ಟಿನ ಉಂಡೆ: ಒಂದಕ್ಕೆ ಅರಿಶಿನ, ಒಂದಕ್ಕೆ ಬೀಟ್‌ರೂಟ್ ರಸ. ಹೆಚ್ಚು ದಿನ ಉಳಿಯುವ ಹಿಟ್ಟು ಬೇಕೆಂದು ಎರಡು ಬಟ್ಟಲು ಮೈದಾಕ್ಕೆ ಒಂದು ಬಟ್ಟಲು ಉಪ್ಪು, ಒಂದು ಬಟ್ಟಲು ನೀರು ಹಾಕಿ ಕಲೆಸುವುದುಂಟು. ಅಷ್ಟು ಉಪ್ಪು ಹೊಟ್ಟೆಗೆ ಹೋಗುವುದು ಅಪಾಯ, ಆದ್ದರಿಂದ ಎಲ್ಲವನ್ನೂ ಬಾಯಿಗಿಡುವ ವಯಸ್ಸು ದಾಟಿದವರಿಗೆ ಮಾತ್ರ. ಗುಂಪಿನ ಗದ್ದಲ ಸಾಕಾದ ಮಗು ತಾನಾಗಿ ಈ ಚಾಪೆಗೆ ಬಂದು ಕೂರುತ್ತದೆ. ಸದ್ದಿಗೆ, ಸ್ಪರ್ಶಕ್ಕೆ ಬಹಳ ಸೂಕ್ಷ್ಮವಾಗಿ ಸ್ಪಂದಿಸುವ ಮಕ್ಕಳಿಗೆ, ಆಟಿಸಂ ಇರುವ ಮಕ್ಕಳಿಗೆ ಅಂಥ ಮೂಲೆ ಇದ್ದರಷ್ಟೇ ಪಾರ್ಟಿಗೆ ಬರಲು ಸಾಧ್ಯ.

ಮೂರರಿಂದ ಐದು: ರೈಟ್, ಹೋಲ್ಡಾನ್

ಮೂರು ದಾಟಿದ ಮೇಲೆ ಎರಡು ಹೊಸ ಶಕ್ತಿಗಳು ಬರುತ್ತವೆ. ಒಂದು, ಬೇರೆ ಏನೋ ಆಗಿಬಿಡುವ ಶಕ್ತಿ. ಇನ್ನೊಂದು, ಮೈಯನ್ನು ತಡೆದು ನಿಲ್ಲಿಸುವ ಶಕ್ತಿ. ಎರಡನ್ನೂ ಒಟ್ಟಿಗೆ ಬಳಸುವ ಆಟ ನಮ್ಮ ಬಸ್ಸಿನಾಟ. ಒಬ್ಬರು ಡ್ರೈವರು, ಅವರ ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದ ಪ್ರಯಾಣಿಕರು, ಕೊನೆಗೆ ಕಂಡಕ್ಟರು. ಕಂಡಕ್ಟರು ‘ರೈಟ್’ ಎಂದರೆ ಬಸ್ಸು ಹೊರಡಬೇಕು, ‘ಹೋಲ್ಡಾನ್’ ಎಂದರೆ ಗಕ್ಕನೆ ನಿಲ್ಲಬೇಕು. ಸೋಫಾದ ಬಳಿ ಮೆಜೆಸ್ಟಿಕ್, ಅಡುಗೆಮನೆ ಬಾಗಿಲಲ್ಲಿ ಮಂಡ್ಯ. ಕಾಗದದ ಚೂರು ಹರಿದು ಟಿಕೆಟ್ ಕೊಟ್ಟರೆ ಆಟ ಇನ್ನೂ ಕಳೆಗಟ್ಟುತ್ತದೆ. ಹಗ್ಗ ಕಟ್ಟಿಕೊಂಡು ಆಡುವುದು ಹಳೆಯ ರೂಢಿ. ಕುತ್ತಿಗೆಗೆ ಸುತ್ತಿಕೊಳ್ಳಬಹುದಾದ್ದರಿಂದ ಅಂಗಿ ಹಿಡಿಯುವುದೇ ವಾಸಿ.

ಕೆರೆ-ದಡವೂ ಹಾಗೆಯೇ. ನೆಲದ ಮೇಲೊಂದು ಗೆರೆ. ಆ ಕಡೆ ಕೆರೆ, ಈ ಕಡೆ ದಡ. ಕೂಗಿದ ಕಡೆಗೆ ನೆಗೆಯಬೇಕು. ‘ಕೆರೆ, ದಡ, ಕೆರೆ, ದಡ’ ಎಂದು ಲಯ ಹಿಡಿಸಿ, ಇದ್ದಕ್ಕಿದ್ದಂತೆ ‘ದಡ, ದಡ’ ಎಂದರೆ ಎರಡನೆಯ ದಡಕ್ಕೆ ಅರ್ಧ ಮಕ್ಕಳು ಕೆರೆಗೆ ಹಾರಿರುತ್ತಾರೆ. ಇನ್ನರ್ಧ ಮಕ್ಕಳ ಮೈ ಮುಂದಕ್ಕೆ ವಾಲಿ, ಕೈ ಗಾಳಿಯಲ್ಲಿ ಬೀಸಿ, ಕಾಲ್ಬೆರಳು ಗೆರೆಗೆ ಕಚ್ಚಿಕೊಂಡಿರುತ್ತದೆ. ಹಾರಬೇಕೆನ್ನುವ ಮೈಯನ್ನು ತಡೆಯಲು ಮಿದುಳು ಪಡುವ ಪಾಡು ಅದು. ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಮೆಗನ್ ಮೆಕ್ಲೆಲಂಡ್ ಮತ್ತು ಸಂಗಡಿಗರು ಶಾಲೆಗೆ ಹೋಗುವ ಮುಂಚಿನ ಮಕ್ಕಳ ಸ್ವನಿಯಂತ್ರಣವನ್ನು ಅಳೆಯಲು, ಬೆಳೆಸಲು ಇಂಥವೇ ಆಟಗಳನ್ನು ಬಳಸಿದ್ದಾರೆ: ತಲೆ ಮುಟ್ಟು ಎಂದಾಗ ಕಾಲ್ಬೆರಳು ಮುಟ್ಟುವುದು, ಒಂದು ಬಣ್ಣ ತೋರಿಸಿದರೆ ಓಡುವುದು, ಇನ್ನೊಂದಕ್ಕೆ ನಿಲ್ಲುವುದು. ನಮ್ಮ ಕೆರೆ-ದಡದಲ್ಲಿ ತಪ್ಪಿದವರನ್ನು ಹೊರಗೆ ಕೂರಿಸುವ ಪದ್ಧತಿಯೊಂದನ್ನು ಬಿಟ್ಟರೆ ಅದು ಈ ವಯಸ್ಸಿಗೆ ಹೇಳಿಮಾಡಿಸಿದ್ದು. ತಡೆದುಕೊಳ್ಳುವುದನ್ನು ಕಲಿಯಬೇಕಾದ ಮಗುವೇ ಮೊದಲು ಔಟ್ ಆಗಿ ಗೋಡೆಗೊರಗಿ ಕೂತರೆ ಅಭ್ಯಾಸ ಯಾರಿಗಾಯಿತು?

ಕಣ್ಣಾಮುಚ್ಚಾಲೆ ಈ ವಯಸ್ಸಿನವರ ಕೈಯಲ್ಲಿ ಬೇರೆಯೇ ಆಟವಾಗುತ್ತದೆ. ಮೂರು ವರ್ಷದ ಮಗು ಪರದೆಯ ಹಿಂದೆ ಕಾಲು ಕಾಣುವಂತೆ ನಿಲ್ಲುತ್ತದೆ, ಇಲ್ಲವೇ ಹಾಲ್ ಮಧ್ಯೆಯೇ ಕಣ್ಣು ಮುಚ್ಚಿಕೊಂಡು ಅಡಗಿದೆನೆಂದುಕೊಳ್ಳುತ್ತದೆ. ಕೇಂಬ್ರಿಜ್‌ನ ಜೇಮ್ಸ್ ರಸೆಲ್ ಮತ್ತು ಜೊತೆಗಾರರು 2012ರಲ್ಲಿ ಇದನ್ನು ವಿಚಾರಿಸಿದರು. ಕಣ್ಣು ಮುಚ್ಚಿದವರ ಮೈ ಕಾಣುತ್ತದೆ ಎಂದು ಮಕ್ಕಳು ಒಪ್ಪುತ್ತಾರೆ, ಆದರೆ ‘ಅವರು’ ಕಾಣುವುದಿಲ್ಲ ಎನ್ನುತ್ತಾರೆ. ಕಣ್ಣಿಗೆ ಕಣ್ಣು ಸೇರಿದರೆ ಮಾತ್ರ ಒಬ್ಬರನ್ನು ನೋಡಿದಂತೆ ಎಂಬುದು ಅವರ ಲೆಕ್ಕ. ಆದ್ದರಿಂದ ಇಲ್ಲಿ ಬೇಗ ಕಂಡುಹಿಡಿಯಬಾರದು, ಬಹಳ ತಡವೂ ಮಾಡಬಾರದು. ಸೋಫಾ ಕೆಳಗೆ ನೋಡಿ, ಹೂಕುಂಡದಲ್ಲಿ ನೋಡಿ, ‘ಎಲ್ಲೂ ಇಲ್ಲವಲ್ಲ’ ಎಂದು ಗಟ್ಟಿಯಾಗಿ ಪೇಚಾಡಿ ಆಮೇಲೆ ಕಂಡುಹಿಡಿಯಬೇಕು. ಮಗುವಿಗೆ ಅಡಗುವುದಕ್ಕಿಂತ ಸಿಕ್ಕಿಬೀಳುವುದು ಹೆಚ್ಚು ಖುಷಿ. ಜನ ತುಂಬಿದ ಹಾಲಿನಲ್ಲಿ ಮಕ್ಕಳ ಬದಲು ಆಟಿಕೆಯನ್ನು ಅಡಗಿಸಿ ಎಲ್ಲರೂ ಸೇರಿ ಹುಡುಕುವುದು ಕ್ಷೇಮ. ಹುಡುಕಲು ಮಕ್ಕಳ ತಲೆಗೊಂದರಂತೆ ಗೊಂಬೆ ಇರಬೇಕು, ಅಷ್ಟೇ.

ಪ್ರಶ್ನೋತ್ತರದ ಪದ್ಯಗಳೂ ಇಲ್ಲಿ ಆಟವಾಗುತ್ತವೆ. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯವನ್ನು ಕನ್ನಡ ಮಕ್ಕಳು ಬಲ್ಲರು. ಒಂದು ಸಾಲಿನವರು ಕೇಳಿ, ಇನ್ನೊಂದು ಸಾಲಿನವರು ನಾಯಿಮರಿಯಾಗಿ ಉತ್ತರಿಸಿ, ಮತ್ತೆ ಅದಲುಬದಲಾದರೆ ಐದು ನಿಮಿಷದ ನಾಟಕ ಸಿದ್ಧ. ನಾಲ್ಕು ದಾಟಿದವರಿಗೆ ಮ್ಯಾಜಿಕ್ ಬೇಕೆಂದರೆ ಅದೂ ಅಡುಗೆಮನೆಯಲ್ಲಿದೆ. ಬಿಳಿ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿಟ್ಟುಕೊಂಡು, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಕುಂಚ ಅದ್ದಿ ಬರೆಯಲು ಕೊಟ್ಟರೆ ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಆರತಿ ತಟ್ಟೆಯ ಓಕುಳಿ ಕೆಂಪಾಗುವುದೂ ಇದೇ ಗುಣದಿಂದ, ಅಲ್ಲಿ ಸುಣ್ಣ. ಸುಣ್ಣ ಮಕ್ಕಳ ಕೈಗೆ ಬೇಡ.

ಸೋಲುವುದನ್ನು ಕಲಿಸಬೇಡವೇ?

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಎಲ್ಲರೂ ಗೆಲ್ಲುವ ಆಟದಲ್ಲೇ ಬೆಳೆದ ಮಗು ಮುಂದೆ ಸೋಲನ್ನು ಹೇಗೆ ತಡೆದುಕೊಳ್ಳುತ್ತದೆ? ಆಸ್ಟ್ರೇಲಿಯಾದ ಜನಪ್ರಿಯ ಕಾರ್ಟೂನ್ ‘ಬ್ಲೂಯಿ’ಯ ಒಂದು ಕಂತು ಪೂರ್ತಿ ಇದರ ಬಗ್ಗೆಯೇ ಇದೆ. ಪಾಸ್ ದ ಪಾರ್ಸೆಲ್ ಆಟದಲ್ಲಿ ಕಾಗದದ ಪ್ರತಿ ಪದರಕ್ಕೂ ಒಂದು ಉಡುಗೊರೆ ಇಡುವ ಹೊಸ ರೂಢಿಗೆ ಬೇಸತ್ತ ಅಪ್ಪನೊಬ್ಬ ನಡುವೆ ಒಂದೇ ಬಹುಮಾನವಿಡುವ ಹಳೆಯ ಪದ್ಧತಿಗೆ ಮರಳುತ್ತಾನೆ. ಮಕ್ಕಳು ಮೊದಲು ಗೋಳಾಡಿ, ಪಾರ್ಟಿಯಿಂದ ಪಾರ್ಟಿಗೆ ಹೊಂದಿಕೊಂಡು, ಕೊನೆಗೆ ಅದನ್ನೇ ಇಷ್ಟಪಡುತ್ತಾರೆ. ತಮಾಷೆಯ ಕಥೆಯಾದರೂ ವಾದದಲ್ಲಿ ಹುರುಳಿದೆ.

ಇನ್ನೊಂದು ಪಂಥ ಕೆನಡಾದ ಟೆರಿ ಆರ್ಲಿಕ್ ಅವರದು. ಸಹಕಾರದ ಆಟಗಳ ಬಗ್ಗೆ 1978ರಲ್ಲಿ ಪುಸ್ತಕ ತಂದ ಅವರು ಮ್ಯೂಸಿಕಲ್ ಚೇರನ್ನು ತಲೆಕೆಳಗು ಮಾಡಿದರು. ಪ್ರತಿ ಸುತ್ತಿಗೂ ಕುರ್ಚಿ ಕಡಿಮೆಯಾಗುತ್ತದೆ, ಮಕ್ಕಳು ಕಡಿಮೆಯಾಗುವುದಿಲ್ಲ. ಉಳಿದ ಕುರ್ಚಿಗಳ ಮೇಲೆ ಎಲ್ಲರೂ ಹೇಗೋ ಒಬ್ಬರ ಮೇಲೊಬ್ಬರು ಸೇರಿಕೊಳ್ಳಬೇಕು. ಕೊನೆಯ ಸುತ್ತಿನಲ್ಲಿ ಒಂದೇ ಕುರ್ಚಿಗೆ ಹತ್ತು ಮಕ್ಕಳು ಅಂಟಿಕೊಂಡಾಗ ಏಳುವ ನಗು ಹಳೆಯ ಆಟದ ಗೆಲುವಿಗಿಂತ ದೊಡ್ಡದು. ನಮ್ಮ ಮನೆಗಳಲ್ಲಿ ಕುರ್ಚಿಯ ಬದಲು ಚಾಪೆ ಮಡಿಚುತ್ತಾ ಹೋದರೆ ಬೀಳುವ ಭಯವೂ ಇಲ್ಲ.

ಎರಡನ್ನೂ ತೂಗಿದರೆ ತೀರ್ಮಾನ ವಯಸ್ಸಿನ ಮೇಲೆ ನಿಲ್ಲುತ್ತದೆ. ಸೋಲು-ಗೆಲುವಿನ ಅರ್ಥವೇ ಆಗದ ಎರಡೂವರೆ ವರ್ಷದ ಮಗುವಿಗೆ ಔಟ್ ಆಗುವುದೆಂದರೆ ಸೋಲಲ್ಲ, ಆಡುತ್ತಿದ್ದ ಆಟದಿಂದ ಯಾರೋ ಎತ್ತಿ ಹೊರಗಿಟ್ಟದ್ದು. ಅದರಿಂದ ಸಹನೆ ಕಲಿಯುವುದಿಲ್ಲ, ಅಳುವುದಷ್ಟೇ. ನಾಲ್ಕೂವರೆ-ಐದರ ಹೊತ್ತಿಗೆ ಬೇಗ ಮುಗಿಯುವ, ಮತ್ತೆ ಕೂಡಲೇ ಶುರುವಾಗುವ ಸಣ್ಣ ಸೋಲುಗಳನ್ನು ಪರಿಚಯಿಸಬಹುದು. ಸ್ಟ್ಯಾಚ್ಯೂ ಆಟದಲ್ಲಿ ಅಲುಗಿದವರು ಮುಂದಿನ ಸುತ್ತಿಗೆ ಹಾಡು ನಿಲ್ಲಿಸುವವರಾದರೆ ಔಟ್ ಆದವರಿಗೂ ಪಾತ್ರವಿರುತ್ತದೆ. ಸೋಲು ಕಲಿಸಲು ಪಾರ್ಟಿಗಿಂತ ಮನೆಯ ಹಾವು-ಏಣಿ ಮಣೆ ಒಳ್ಳೆಯ ಶಾಲೆ. ಅಲ್ಲಿ ಇಪ್ಪತ್ತು ಜನರೆದುರು ಅಳಬೇಕಿಲ್ಲ.

ನಮ್ಮಲ್ಲೇ ಇದ್ದ ಪಾರ್ಟಿಗಳು

ಮಕ್ಕಳ ಪಾರ್ಟಿಯೇನೂ ಕೇಕಿನ ಜೊತೆ ಬಂದದ್ದಲ್ಲ. ಹಳೇ ಮೈಸೂರು ಸೀಮೆಯ ಹಲವು ಮನೆಗಳಲ್ಲಿ ಸಂಕ್ರಾಂತಿಯಂದು ಪುಟ್ಟ ಮಕ್ಕಳಿಗೆ ಎಲಚಿಹಣ್ಣು ಎರೆಯುತ್ತಾರೆ. ಹೊಸ ಬಟ್ಟೆ ತೊಡಿಸಿ ಮಣೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ತುಂಡು, ಎಳ್ಳು-ಬೆಲ್ಲ, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲೆ ಸುರಿಯುತ್ತಾರೆ; ಸುತ್ತ ನೆರೆದ ಮಕ್ಕಳು ಬಿದ್ದದ್ದನ್ನು ಹೆಕ್ಕಿಕೊಳ್ಳಲು ಮುಗಿಬೀಳುತ್ತಾರೆ. ಆಂಧ್ರದಲ್ಲಿ ಭೋಗಿ ಹಣ್ಣು, ಮಹಾರಾಷ್ಟ್ರದಲ್ಲಿ ಬೋರನ್ಹಾಣ ಇದರ ಸೋದರರು. ದಸರೆಯ ಗೊಂಬೆ ಹಬ್ಬದಲ್ಲಿ ಸಂಜೆ ಮನೆಮನೆಗೆ ಗೊಂಬೆ ನೋಡಲು ಹೋದ ಮಕ್ಕಳಿಗೆ ಕೊಡುವ ಗೊಂಬೆ ಬಾಗಿನ ಇಂದಿನ ರಿಟರ್ನ್ ಗಿಫ್ಟಿನ ಅಜ್ಜಿ.

ಎಲಚಿ ಎರೆಯುವುದರಲ್ಲಿ ಪುಟಾಣಿಗಳ ಪಾರ್ಟಿಗೆ ಬೇಕಾದ ಗುಣಗಳೆಲ್ಲ ಇವೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಹಗಲಿನಲ್ಲಿ ನಡೆಯುತ್ತದೆ, ಕೇಂದ್ರದಲ್ಲಿರುವ ಮಗು ಏನೂ ಸಾಧಿಸಬೇಕಿಲ್ಲ, ಸುತ್ತಲಿನವರಿಗೆಲ್ಲ ಏನಾದರೂ ಸಿಗುತ್ತದೆ. ಹಳೆಯದೆಂದು ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕೆಂದೂ ಅಲ್ಲ. ಬೀಜವಿರುವ ಹಣ್ಣು, ಕಾಸು ಎರಡೂ ಚಿಕ್ಕ ಗಂಟಲಿಗೆ ಅಪಾಯ. ಕಾಸಿನ ಬದಲು ಹೂವಿನ ಎಸಳು, ದೊಡ್ಡ ಬಿಸ್ಕತ್ತು ಪೊಟ್ಟಣ ಸುರಿದರೆ ಶಾಸ್ತ್ರಕ್ಕೇನೂ ಊನವಿಲ್ಲ.

ಗಂಟಲು, ಬಲೂನು, ನೀರು

ಸುರಕ್ಷತೆಯ ಮಾತಿಗೆ ಬಂದರೆ ಪಾರ್ಟಿಯ ಚಿಹ್ನೆಯಾದ ಬಲೂನೇ ಮೊದಲ ಆರೋಪಿ. ಒಡೆದ ರಬ್ಬರ್ ಬಲೂನಿನ ಚೂರು ಗಂಟಲಿಗೆ ಹೋದರೆ ಉಸಿರಿನ ದಾರಿಯ ಆಕಾರಕ್ಕೇ ಅಂಟಿಕೊಳ್ಳುತ್ತದೆ. ಎಂಟು ವರ್ಷದೊಳಗಿನವರ ಕೈಗೆ ಊದದ ಅಥವಾ ಒಡೆದ ಬಲೂನು ಸಿಗಬಾರದೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸುತ್ತದೆ. ತೇಲುವ ಬಲೂನಿಗೆ ಹೀಲಿಯಂ ಬದಲು ಅಗ್ಗದ ಹೈಡ್ರೋಜನ್ ತುಂಬುವವರಿದ್ದಾರೆ, ಅದು ಮೇಣದಬತ್ತಿಯ ಬಳಿ ಹೊತ್ತಿಕೊಳ್ಳುತ್ತದೆ. ಉರಿಯುವ ಮೇಣದಬತ್ತಿಯ ಮುಂದೆ ಫೋಮ್ ಸ್ಪ್ರೇ ಸಿಂಪಡಿಸುವುದೂ ಅಷ್ಟೇ ಅಪಾಯ.

ಮೂರು ವರ್ಷದೊಳಗಿನವರ ಆಟಿಕೆಗೆ ಅಮೆರಿಕದಲ್ಲಿ ಒಂದು ಸರಳ ಪರೀಕ್ಷೆಯಿದೆ: 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯುವ ವಸ್ತು ನಿಷಿದ್ಧ. ಗೋಲಿ, ಹುಣಸೆಬೀಜ, ಗುಂಡಿ ಎಲ್ಲವೂ ಅದರಲ್ಲಿ ಬೀಳುತ್ತವೆ. ನೀರಿನಲ್ಲಿ ಊದಿಕೊಳ್ಳುವ ಬಣ್ಣದ ಮಣಿಗಳು ನುಂಗಿದರೆ ಕರುಳಿನಲ್ಲೂ ಊದುತ್ತವೆ. ಮಿನುಗುವ ಉಂಗುರ, ಸದ್ದು ಮಾಡುವ ಕಾರ್ಡುಗಳಲ್ಲಿನ ಗುಂಡಿ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ರಿಟರ್ನ್ ಗಿಫ್ಟಿನ ಚೀಲದಲ್ಲಿ ಅದಕ್ಕೆ ಜಾಗ ಬೇಡ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಕೊಳ್ಳುವಾಗ ಅದನ್ನು ನೋಡಬೇಕು. ತಿಂಡಿಯಲ್ಲೂ ಇಡೀ ದ್ರಾಕ್ಷಿ, ಕಡಲೆಕಾಯಿ ಬೀಜ, ಪಾಪ್‌ಕಾರ್ನ್ ನಾಲ್ಕರೊಳಗಿನವರಿಗೆ ಬೇಡ. ದ್ರಾಕ್ಷಿಯನ್ನು ಉದ್ದುದ್ದ ಸೀಳಬೇಕು. ಟಬ್ಬಿನ ನೀರಾಟವಿದ್ದರೆ ನೀರು ಗೇಣುದ್ದವೇ ಇದ್ದರೂ ಒಬ್ಬರು ದೊಡ್ಡವರು ಅಲ್ಲೇ ಕೂತಿರಬೇಕು, ಮುಗಿದ ಕೂಡಲೇ ಚೆಲ್ಲಬೇಕು.

ಹೊತ್ತು, ಸದ್ದು, ಸಕ್ಕರೆ

ಆಟ ಕೆಡುವುದು ಬಹಳ ಸಲ ಆಟದಿಂದಲ್ಲ, ಹೊತ್ತಿನಿಂದ. ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ, ಕತ್ತಲಾಗುವ ಮೊದಲು ಒಂದೂವರೆ ಗಂಟೆ ಸಾಕು. ಮಗುವಿನ ವಯಸ್ಸಿಗೆ ಒಂದು ಸೇರಿಸಿದಷ್ಟು ಪುಟ್ಟ ಅತಿಥಿಗಳು ಎಂಬುದು ಹಲವು ದೇಶಗಳ ಪೋಷಕರ ಕೈಲೆಕ್ಕ. ನೂರು ಜನ ನೆಂಟರನ್ನು ಬಿಡಲಾಗದ ನಮ್ಮ ಮನೆಗಳಲ್ಲಿ ಊಟದ ಹಾಲಿನ ಪಕ್ಕ ಮಕ್ಕಳದೇ ಒಂದು ಕೋಣೆ ಮಾಡಬಹುದು, ಮೈಕು ಅಲ್ಲಿಗೆ ಬರಬಾರದು. ಭೀಮನದೋ ಕರಡಿಯದೋ ವೇಷ ಹಾಕಿದವರು ಬರುವುದಾದರೆ ಮೊದಲು ದೂರದಿಂದ ಕೈಬೀಸಲಿ. ಅಲುಗದ ಮುಖದ ಆ ದೊಡ್ಡ ತಲೆ ಎರಡು ವರ್ಷದವರಿಗೆ ಹಬ್ಬಕ್ಕಿಂತ ಹೆಚ್ಚಾಗಿ ಭಯ ತರುತ್ತದೆ.

ಗಲಾಟೆಗೆಲ್ಲ ಕೇಕಿನ ಸಕ್ಕರೆಯೇ ಕಾರಣ ಎಂಬ ನಂಬಿಕೆಗೆ ಆಧಾರ ಸಿಕ್ಕಿಲ್ಲ. ಮಾರ್ಕ್ ವೋಲ್ರೈಕ್ ಮತ್ತಿತರರು ಆವರೆಗಿನ ಪ್ರಯೋಗಗಳನ್ನು 1995ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಕ್ಕರೆಯಿಂದ ಮಕ್ಕಳ ನಡವಳಿಕೆ ಬದಲಾಗುವುದು ಕಾಣಲಿಲ್ಲ. ಅದಕ್ಕೆ ಒಂದು ವರ್ಷ ಮೊದಲಿನ ಪ್ರಯೋಗದಲ್ಲಿ, ಮಗನಿಗೆ ಸಕ್ಕರೆ ಕೊಟ್ಟಿದೆ ಎಂದು ಸುಳ್ಳು ಹೇಳಿಸಿಕೊಂಡ ತಾಯಂದಿರು ಅವನನ್ನು ಹೆಚ್ಚು ಚಟುವಟಿಕೆಯವನೆಂದು ಗುರುತಿಸಿದ್ದರು. ಹಲ್ಲಿಗಾಗಿ ಕೇಕು ಕಡಿಮೆ ಮಾಡುವುದು ಸರಿ. ರಂಪಕ್ಕೆ ಕಾರಣ ಹುಡುಕುವವರು ಗಡಿಯಾರವನ್ನೂ ಸ್ಪೀಕರನ್ನೂ ನೋಡುವುದು ಒಳ್ಳೆಯದು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದು ಗಂಟೆ ಕುರ್ಚಿಯಲ್ಲಿ ಕೂರಿಸಿ ತೋರಿಸುವ ಶೋ ಆ ಲೆಕ್ಕಕ್ಕೆ ವಿರುದ್ಧ.

ಯಾರನ್ನು ಕೇಳಬೇಕು?

ಆಟವೇ ಶಿಕ್ಷಣ ಎಂಬ ಮಾತು ನಮ್ಮ ನೆಲದಲ್ಲೂ ಹೊಸದಲ್ಲ. ಗಿಜುಭಾಯಿ ಬಧೇಕ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಹಾಡು, ಕುಣಿತ, ನಾಟಕಗಳನ್ನೇ ಕಲಿಕೆಯಾಗಿಸಿದರು. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಮೂರರಿಂದ ಆರು ವರ್ಷದವರಿಗೆ ಅಭಿನಯಗೀತೆ, ವೃತ್ತದಾಟಗಳು ನಿತ್ಯದ ಪಾಠ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಆಟವನ್ನೇ ಕೇಂದ್ರಕ್ಕೆ ತಂದಿದೆ. ಇಪ್ಪತ್ತು ಮಕ್ಕಳನ್ನು ಮೈಕಿಲ್ಲದೆ, ಬಹುಮಾನವಿಲ್ಲದೆ ಅರ್ಧ ಗಂಟೆ ಹಿಡಿದಿಡಬಲ್ಲ ಪರಿಣತರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅವರು ಅಂಗನವಾಡಿ ಕಾರ್ಯಕರ್ತೆಯರು, ಶಿಶುವಿಹಾರದ ಮಿಸ್ಸುಗಳು. ಪಾರ್ಟಿಗೆ ಮನರಂಜಕರನ್ನು ಹುಡುಕುವವರು ಅವರನ್ನು ಕರೆದು, ಸಲ್ಲಬೇಕಾದ ಸಂಭಾವನೆ ಕೊಟ್ಟು ನೋಡಬಹುದು.

ಇವೆಂಟ್ ಕಂಪನಿಯವರಿಗೇ ಒಪ್ಪಿಸುವುದಾದರೆ ಮುಂಗಡ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ನಿಮ್ಮ ಪಟ್ಟಿಯ ಆಟಗಳಲ್ಲಿ ಎಷ್ಟರಲ್ಲಿ ಮಗು ಔಟ್ ಆಗುತ್ತದೆ? ಎಷ್ಟರಲ್ಲಿ ಬರೀ ಕೂತು ನೋಡುತ್ತದೆ? ಎರಡು ವರ್ಷದ ಮಗು ಬರುವುದಿಲ್ಲವೆಂದು ಹಟ ಹಿಡಿದರೆ ಏನು ಮಾಡುತ್ತೀರಿ? ಮೂರನೆಯ ಪ್ರಶ್ನೆಗೆ ‘ಪಕ್ಕದಲ್ಲಿ ನಿಂತು ನೋಡಲಿ ಬಿಡಿ, ಬೇಕೆನಿಸಿದಾಗ ಬರುತ್ತದೆ’ ಎಂದು ಉತ್ತರಿಸುವವರಿಗೆ ಮಕ್ಕಳು ಗೊತ್ತು. ಉಳಿದವರಿಗೆ ಹಾಲ್ ಅಲಂಕರಿಸುವ ಕೆಲಸ ಕೊಟ್ಟು, ಆಟಕ್ಕೆ ಬೀರುವಿನಿಂದ ಒಂದು ಹಳೆಯ ಸೀರೆ ತೆಗೆದಿಟ್ಟುಕೊಳ್ಳುವುದು ಲೇಸು.